ಮೊದಲ ಲೋಟ

ಈಸ್ಟರಿನ ಮರುದಿನ, ತ್ಬಿಲಿಸಿಯ ಹಳೇ ಗುಡ್ಡ.
ಊರಿಗೂರೇ ಸತ್ತವರ ಪಕ್ಕ ಉಣ್ಣಲು ಕೂತಿದೆ.
ಯಾರದೋ ಮಗು
ದಳಪತಿಯೊಬ್ಬನ ಕಲ್ಲಿನ ಹೆಗಲೇರಿ ಇಳಿಯಲೊಲ್ಲದು.

ತ್ಸಿಯಾಲಾ ಅಜ್ಜಿ ಗಂಡನ ಗೋರಿಯ ಮೇಲೆ
ಕೆಂಪು ಮೊಟ್ಟೆ ಉರುಳಿಸಿದಳು.
ಮೊದಲ ಲೋಟ ಮಾತ್ರ ಅವನಿಗಲ್ಲ,
ಬೇಲಿಯಾಚೆಯ ಜರ್ಮನ್ ಔಷಧಿಯಂಗಡಿಯವನಿಗೆ.
ಚಪ್ಪಡಿಯಲ್ಲಿ ಪಾಚಿ ತಿನ್ನದೆ ಬಿಟ್ಟದ್ದು
'ಮಾನ್' ಅಂತ ಒಂದು ಬಾಲ.
ಅವನ ಕಡೆಯವರನ್ನೆಲ್ಲ ಯುದ್ಧದ ವರ್ಷ
ರೈಲಿಗೆ ತುಂಬಿದರಂತೆ.

"ನಿನಗೇನಾಗಬೇಕು ಅವನು?"
ಮೊಮ್ಮಗ ಕೇಳಿದ.

ಕರೆಂಟಿಲ್ಲದ, ಗ್ಯಾಸಿಲ್ಲದ ಆ ಚಳಿಗಾಲ
ರಾತ್ರಿ ಕೊಡಲಿ ಹಿಡಿದು ಬಂದು
ಅವನ ತಲೆದೆಸೆಯ ಓಕ್ ಶಿಲುಬೆ
ಕಡಿದು ಒಯ್ದವಳು
ಮೊಟ್ಟೆಯ ಸಿಪ್ಪೆ ಸುಲಿಯುತ್ತ ಹೇಳಿದಳು:

"ಸಾಲ ಕೊಟ್ಟವನು.
ಆ ಉರಿಯಲ್ಲಿ ಕಾದ ಹಾಲು
ಕುಡಿದದ್ದು ನಿಮ್ಮಪ್ಪ.
ಹ್ಞೂಂ, ನೀನೂ ಒಂಚೂರು ಸುರಿ."