ಫಕ್ಕೀರಪ್ಪನ ಕಿವಿ

ಇಂಡಿ ಪಂಪಿನ ಬಾಜೂಕ ನನ್ನ ಗ್ಯಾರೇಜು.
ಗಾಡಿ ತಂದವರು ಬಾಯಿ ತೆರೆಯೂದ್ರಾಗ
"ಟ್ಯಾಪೆಟ್ ಸಡ್ಲಾಗೇತಿ, ಚೈನು ಒಣಗೇತಿ" ಅಂತೀನಿ.
"ಫಕ್ಕೀರಪ್ಪನ ಕಿವಿ ಅಂದ್ರ ದೇವರು ಕೊಟ್ಟದ್ದು ಬಿಡೋ"
ಅಂತಾರ ಮಂದಿ, ಚಹಾ ಹೇಳ್ತಾರ.

ದೇವರಲ್ಲ. ಅಪ್ಪನ ರಾಜದೂತ.

ಹೆಗ್ಗೇರಿ ತಿರುವಿನ್ಯಾಗ ಗೇರ್ ಇಳಿಸಿದ್ರ
ಆವತ್ತು ಬಿಸಿ ಮಿರ್ಚಿ, ಶೇಂಗಾ ಪೊಟ್ಟಣ.
ಇಳಿಸದ ಹಂಗ ಬಂದು
ಸ್ಟ್ಯಾಂಡು ಕಲ್ಲಿಗೆ ಬಡಿದ್ರ
ಅವ್ವ ಕುದಿಯೋ ಎಸರು ಇಳಿಸಿ ದೂರ ಇಡ್ತಿದ್ಲು,
ತಂಗಿ ಹಾಸಿಗಿ ಸುರುಳಿ ಹಿಂದ
ತಾನೂ ಒಂದು ಸುರುಳಿ ಆಗ್ತಿದ್ಲು.
ನಾನು ಎಣಿಸ್ತಿದ್ದೆ.
ಸ್ಟ್ಯಾಂಡಿನಿಂದ ಕದದ ತನಕ ಹನ್ನೊಂದು ಹೆಜ್ಜಿ.
ಏಳಕ್ಕ, ಕಟ್ಟಿ ಕಡೆ ನಿಂತ್ರ, ಚಪ್ಪಲಿ ಬಿಡ್ತಾನ ಅಂತ.
ನಿಲ್ಲದಿದ್ರ
ಚಪ್ಪಲಿ ಸಮೇತ ಒಳಗ.

ಎಂಟು ವರ್ಷದ ಹುಡುಗಗ
ಮಗ್ಗಿ ಬರ್ತಿರಲಿಲ್ಲ, ಇದು ಬರ್ತಿತ್ತು.

ಅಪ್ಪ ಹೋಗಿ ಹತ್ತೊಂಬತ್ತು ವರ್ಷ.
ರಾಜದೂತನ್ನ ನಾನ ಬಿಚ್ಚಿ ಮಾರಿದೆ,
ಕಾರ್ಬೊರೇಟರ್ ಒಬ್ಬಾಂವ ಒಯ್ದ, ಸೈಲೆನ್ಸರ್ ಒಬ್ಬಾಂವ.
ಸಪ್ಪಳ ಯಾರೂ ಕೊಳ್ಳಲಿಲ್ಲ.

ತಂಗಿ ಶಿವಲೀಲಾ ಈಗ ಗದಗಿನ ಸೊಸಿ.
ಅಕಿ ವಾಟಗಾ ನೆಲಕ್ಕಿಟ್ರ ಇರುವಿಗೂ ಗೊತ್ತಾಗಂಗಿಲ್ಲ.
"ಭಾಳ ನಿಧಾನಸ್ತ ಹುಡುಗಿ" ಅಂತ ಅತ್ತಿ ಹೊಗಳ್ತಾಳ.
ಫೋನಿನ್ಯಾಗ ಅಕಿ ದನಿ ಸಣ್ಣದು:
"ಅಣ್ಣಾ, ಇವರು ಒಮ್ಮೆನೂ ಬೈದಿಲ್ಲ.
ಆದ್ರೂ ಸಂಜಿ ಆರು ಆತಂದ್ರ ಹೊಟ್ಟಿ ಹಿಡ್ಕೊಂತೈತಿ."
ಅದಕ್ಕ ನನ್ನ ಡಬ್ಬಿಯಾಗ ಪಾನಾ ಇಲ್ಲ.

ಮಗಳು ಹುಟ್ಟಿದ ದಿನದಿಂದ
ತಿರುವಿನ್ಯಾಗ ಎಂಜಿನ್ ಬಂದ್ ಮಾಡಿ
ಗಾಡಿ ತಳ್ಕೊಂತ ಮನಿಗೆ ಹೋಗ್ತಿದ್ದೆ,
ಮಳೆಯಾಗೂ.
ನನ್ನ ಸಪ್ಪಳ ಅಕಿಗೆ ಬಾಯಿಪಾಠ ಆಗಬಾರದು.

ಮೊನ್ನೆ ಆ ಪೋರಿ ಸೊಂಟದ ಮ್ಯಾಲ ಕೈ ಇಟ್ಟು ಕೇಳಿದ್ಲು:
"ಓಣ್ಯಾಗ ಎಲ್ಲಾರ ಅಪ್ಪಂದಿರ ಗಾಡಿ ಕೇಳಿಸ್ತಾವ.
ನೀ ಕಳ್ಳನಂಗ ಬರ್ತಿ.
ನಾ ಹೊರಗ ಓಡಿ ಬರೋದು ಯಾವಾಗ?"

ಈಗ ಹಾರ್ನ್ ಹೊಡೀತೀನಿ, ಎರಡು ಸಲ.
ಮೊದಲನೇದಕ್ಕ ನನ್ನೊಳಗಿನ ಹುಡುಗ
ಇನ್ನೂ ಎಣಿಸಾಕ ಶುರು ಮಾಡ್ತಾನ:
ಒಂದು, ಎರಡು, ಮೂರು…
ಅವ ಏಳಕ್ಕ ಮುಟ್ಟೂದ್ರಾಗ
ಅಕಿ ಬರಿಗಾಲಿಲೆ ಬಂದು
ಟ್ಯಾಂಕಿನ ಮ್ಯಾಲ ಕೂತಿರ್ತಾಳ.