ಷರಾ

ಜೂನ್ ಎರಡನೇ ವಾರ. ಥಣಿಸಂದ್ರದ ಧೂಳು
ನೀರಿನ ಟ್ಯಾಂಕರಿನ ಹಿಂದೆ ಓಡಿಬಂದು
ನಮ್ಮ ಆಫೀಸು ರೂಮಿನಲ್ಲೇ ಕೂತಿತ್ತು.
ಅಪ್ಪ ಮಾತ್ರ ನಿಂತೇ ಇದ್ದ.
ಮಾಸ್ಕ್ ರಸ್ತೆಯ ಹೋಟೆಲಿನಲ್ಲಿ ರೊಟ್ಟಿ ಬಡಿಯುವ ಕೈ,
ಮೊಣಕೈವರೆಗೆ ತಂದೂರು ಸುಟ್ಟ ಕಲೆ.
ಅವನ ಹಿಂದೆ ಅರ್ಧ ಕಾಣುವ ಹುಡುಗಿ, ಹನ್ನೆರಡು ವರ್ಷ.

"ಟಿಸಿ?" ಅಂದರು ಚೌಡಪ್ಪ.
ಇಲ್ಲ.
"ಆಧಾರ್?"
ಇಲ್ಲ. ಇದ್ದದ್ದು ಲ್ಯಾಮಿನೇಷನ್ ಬಾಯಿಬಿಟ್ಟ ಒಂದು ಕಾರ್ಡು,
ಅದರಲ್ಲಿ ನಾಲ್ಕು ವರ್ಷ ಚಿಕ್ಕವಳಾದ ಅದೇ ಹುಡುಗಿ.
"ಸ್ವಂತ ಜಿಲ್ಲೆ?"
ಘಜ್ನಿ, ಅಂದ.
ಚೌಡಪ್ಪ ಮೌಸ್ ಉರುಳಿಸಿದರು. ಬಾಗಲಕೋಟೆಯಲ್ಲಿ ಹೊರಟ ಪಟ್ಟಿ
ಯಾದಗಿರಿಗೆ ಬಂದು ನಿಂತುಬಿಟ್ಟಿತು.
ಮುಂದಕ್ಕೆ ಬಸ್ಸಿಲ್ಲ.

"ಕಾಗದ ಇಲ್ಲದೆ ದಾಖಲು ಮಾಡೋಕಾಗಲ್ಲ ಮೇಡಂ.
ಬೇಕಾದ್ರೆ ಅರ್ಜಿ ಇಟ್ಕೋತೀನಿ, ಷರಾ ಖಾಲಿ ಇರಲಿ."

ಹುಡುಗಿ ತಲೆ ಎತ್ತಿದ್ದು ಆಗ.
ಅಪ್ಪನ ತೋಳು ಜಗ್ಗಿ ಏನೋ ಅಂದಳು.
ಅವನ ಹಿಂದಿ, ನನ್ನ ಶಿವಾಜಿನಗರದ ದಖನಿ,
ಎರಡೂ ಕುಂಟುತ್ತ ನಡುವೆಲ್ಲೋ ಎದುರಾಗಿ
ನನಗೆ ತಿಳಿದದ್ದಿಷ್ಟು:
ಈ ಸಾಹೇಬರು ನಮ್ಮ ಮಾತೇ ಆಡ್ತಿದ್ದಾರಲ್ಲ,
ಕಾಗದ, ದಾಖಲು, ಅರ್ಜಿ, ಖಾಲಿ.

ಇಪ್ಪತ್ತೆರಡು ವರ್ಷ ಕನ್ನಡ ಪಾಠ ಮಾಡಿದ್ದೇನೆ.
ಬೋರ್ಡಿಗೆ ಗೆರೆ ಎಳೆದು
ತತ್ಸಮ ಒಂದು ಕಡೆ, ತದ್ಭವ ಒಂದು ಕಡೆ,
ಕೊನೆಗೆ ಜಾಗ ಉಳಿದರೆ ಅನ್ಯದೇಶ್ಯ.
ಎರಡು ಅಂಕ, ಉದಾಹರಣೆ ಕೊಡಿ.
ಆ ಮಧ್ಯಾಹ್ನ ಆ ಕೊನೆಯ ಸಾಲಿನವು
ಒಂದೊಂದಾಗಿ ಎದ್ದು ನಿಂತವು:
ನಾನು ಕೂತ ಕುರ್ಚಿ, ಮೊಣಕೈ ಊರಿದ ಮೇಜು,
ಚೌಡಪ್ಪನವರ ಸರ್ಕಾರ, ಅವರ ಜಿಲ್ಲೆ, ಅವರ ರಜೆ,
ದಿನಾ ಬೆಳಿಗ್ಗೆ ನಾನು ಕೂಗುವ ಹಾಜರಿ.
ಯಾವ ಕುದುರೆಯ ಬೆನ್ನಿಗೆ ಅಂಟಿ ಬಂದವೋ ಇವೆಲ್ಲ,
ಯಾವ ಶಾಲೆಯ ಟಿಸಿ ತಂದಿದ್ದವೋ.
ಯಾರೂ ಕೇಳಿರಲಾರರು. ಕನ್ನಡ ಒಂಚೂರು ಸರಿದು
ಕೂತ್ಕೊಳ್ಳಿ ಅಂದಿರಬೇಕು,
ಸಿಟಿ ಬಸ್ಸಿನಲ್ಲಿ ಕೈಗೂಸಿನವರಿಗೆ ಅನ್ನುವ ಹಾಗೆ.

ಹೆಸರು ಕೇಳಿದೆ.
ಮಹತಾಬ್.
ಅಂದರೆ? ಹುಡುಗಿ ಕಿಟಕಿಯಾಚೆ ಆಕಾಶ ತೋರಿಸಿದಳು,
ಅಲ್ಲಿ ಬರೀ ಬಿಸಿಲು. ಕಣ್ಣು ಮುಚ್ಚಿ
ಮತ್ತೆ ತೋರಿಸಿದಳು: ರಾತ್ರಿ, ಅದರೊಳಗೆ ಬೆಳಕು.
ಸೌಟು ಹಿಡಿದೇ ಇಣುಕಿದ ಅಡುಗೆ ಅಂಜಿನಮ್ಮ
"ಮತಾಪಾ? ದೀಪಾವಳೀಲಿ ಹಚ್ತೀವಲ್ಲ, ಅದಾ?" ಅಂದಳು.
ನಾನು ನಿಘಂಟು ತೆಗೆದದ್ದು ಮನೆಗೆ ಹೋದ ಮೇಲೆ.
ಅಂಜಿನಮ್ಮ ಸರಿ ಇದ್ದಳು.

ಆಮೇಲೆ ಅವಳದೇ ಒಂದು ಪ್ರಶ್ನೆ.
ಅಪ್ಪ ಬೇಡವೆಂದು ಕಣ್ಣಲ್ಲೇ ತಡೆದ,
ಅವಳು ಬೆರಳು ಮಡಿಸಿ ಮಡಿಸಿ ಕೇಳಿಯೇಬಿಟ್ಟಳು:
ಆರು ಮುಗಿದ ಮೇಲೆ, ಇಲ್ಲಿ, ಏಳು ಇದೆಯಾ?

ಮಾತಲ್ಲಿ ಹೇಳಿದರೆ ನಂಬುವಳೆ.
ಕಾರಿಡಾರಿನ ಕೊನೆಗೆ ಕರಕೊಂಡು ಹೋದೆ.
ಶೀಟಿನ ಸೂರು, ಕಾಲು ಮುರಿದ ಬೆಂಚಿಗೆ ಎರಡು ಇಟ್ಟಿಗೆ,
ಬೆಂಚಿನ ಮೇಲೆ ಕೈವಾರದಲ್ಲಿ ಯಾರೋ ಕೊರೆದ ಆರ್‌ಸಿಬಿ.
ಬಾಗಿಲ ಮೇಲೆ ಬಣ್ಣ ಹಾರಿದ ೭.
ಹುಡುಗಿ ಚಾಕ್‌ಚೂರು ಹೆಕ್ಕಿ
ಅದರ ಪಕ್ಕ ತನ್ನೂರಿನ ಏಳು ಬರೆದಳು:
ಎರಡೇ ಗೆರೆ, ಬುಡದಲ್ಲಿ ಕೂಡಿಕೊಂಡು
ಮೇಲೆ ಬಿಚ್ಚಿಕೊಂಡ ಪುಸ್ತಕದ ಹಾಗೆ.
ಅಳಿಸಬೇಡಿ ಅಂತ ಆಯಾಗೆ ಹೇಳಿದ್ದೇನೆ.

ಕಂಪ್ಯೂಟರ್ ಇವತ್ತಿಗೂ ಒಪ್ಪಿಲ್ಲ.
ಬಿಇಓ ಆಫೀಸಿಗೆ ಮೂರು ಪತ್ರ ಹೋಗಿವೆ,
ಉತ್ತರ ಒಂದೂ ಇಲ್ಲ.
ಲೆಕ್ಕದಲ್ಲಿ ಅವಳಿಗೆ ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ;
ಅಂಜಿನಮ್ಮನಿಗೆ ಎಣಿಸಲು ಬರುವುದಿಲ್ಲವೆಂದು
ನಾವೆಲ್ಲ ಒಪ್ಪಿಕೊಂಡಿದ್ದೇವೆ.
ಸಮವಸ್ತ್ರ, ಹೊಸಕೋಟೆಗೆ ಹೋದ ರೂಪಕಲಾಳದು,
ತೋಳು ಒಂದಿಂಚು ಗಿಡ್ಡ.

"ಷರಾ ಏನು ಬರೀಲಿ?" ಅಂದಿದ್ದರು ಚೌಡಪ್ಪ,
ಅವತ್ತು ಸಂಜೆ, ಪೆನ್ನಿನ ಮುಚ್ಚಳ ಕಚ್ಚಿಕೊಂಡು.
"ಬಂದಿದ್ದಾಳೆ, ಅಂತ ಬರೀರಿ."

ಬೆಳಿಗ್ಗೆ ಹತ್ತಕ್ಕೆ, ಮೂವತ್ತೊಂದನೇ ಹೆಸರು.
ಹಾಜಿ಼ರ್, ಅನ್ನುತ್ತಾಳೆ.
ನಮ್ಮ ಬಾಯಲ್ಲಿ ಸವೆದು ಮಾಸಿದ್ದ ಪದ
ಹುಣಸೆಹಣ್ಣು ಹಾಕಿ ಬೆಳಗಿದ ಚೊಂಬಿನ ಹಾಗೆ.