ಮುನ್ನೂರು ಬೈಸಾ

ನಕ್ಷೆಯ ಪ್ರಕಾರ ಆಸ್ಪತ್ರೆ
ನನ್ನ ಕೋಣೆಯಿಂದ ಏಳು ನಿಮಿಷ.
ಅದು ಕಾರಿದ್ದವರ ಏಳು ನಿಮಿಷ.
ನನ್ನದು ಶುರುವಾಗುವುದು ಮಸೀದಿಯ ಹಿಂದಿನ ಖಾಲಿ ಜಾಗದಿಂದ,
ನನಗಿಂತ ಮೊದಲು ಬಂದ ಯಾರೋ
ಚಪ್ಪಲಿಯಲ್ಲಿ ಸವೆಸಿಟ್ಟ ಸಣ್ಣ ಗೆರೆಯಿಂದ.

ಗೆರೆ ಹೋಗಿ ಬೇಲಿಗೆ ಮುಟ್ಟುತ್ತದೆ.
ಬೇಲಿಯಲ್ಲೊಂದು ಕಂಡಿ, ಒಂದಾಳಿನ ಅಗಲ.
ಮಸ್ಕತ್ತಿನಲ್ಲಿ ದಪ್ಪಗಿರುವವರು ಯಾರೂ ನಡೆಯುವುದಿಲ್ಲವೆಂದು ಕಾಣುತ್ತದೆ.

ಆಮೇಲೆ ಹೆದ್ದಾರಿ.
ಅದರಂಚಿಗೆ ಹುಲ್ಲು, ಹುಲ್ಲಿಗೆ ಹೊತ್ತು ಹೊತ್ತಿಗೆ ನೀರು,
ನಡೆಯುವವರಿಗೆಂದು ಮಾತ್ರ ಒಂದು ಕಲ್ಲೂ ಹಾಸಿಲ್ಲ.
ನಿತ್ಯಪುಷ್ಪದ ಪಾತಿ ತುಳಿಯಬಾರದೆಂದು
ಅಂಚುಗಲ್ಲಿನ ಮೇಲೆ ಒಂದರ ಮುಂದೊಂದು ಪಾದ ಇಟ್ಟು ಹೋಗುತ್ತೇನೆ,
ಕೆಲಸದ ಬಿಳಿ ಶೂ ಕೈಚೀಲದಲ್ಲಿ.
ಮಾಲಿ ನೀರಿನ ಪೈಪನ್ನು ಆಚೆಗೆ ತಿರುಗಿಸುತ್ತಾನೆ.
ಸಿಲ್ಹಟ್ಟಿನವನಂತೆ. ಹೆಸರು ಗೊತ್ತಿಲ್ಲ.
ನಮ್ಮಿಬ್ಬರ ನಡುವೆ ಇರುವ ಭಾಷೆ ಇಷ್ಟೇ,
ಆ ಪೈಪು ತಿರುಗುವುದು.

ಹಾರ್ನ್ ಹೊಡೆಯುತ್ತಲೇ ಇರುತ್ತಾರೆ.
ಮೊದಲ ವಾರ ಬೈಗುಳವೆಂದುಕೊಂಡೆ.
ಎರಡನೆಯ ವಾರ ಇನ್ನೇನೋ ಎಂದುಕೊಂಡು
ತಲೆವಸ್ತ್ರ ಗದ್ದದವರೆಗೆ ಎಳೆದುಕೊಂಡೆ.
ಕೇಳಿ ಜೊವೆಲಿನ್ ನಕ್ಕುಬಿಟ್ಟಳು:
"ಕಿತ್ತಳೆ ಪಟ್ಟೆಯ ಕಾರಾದರೆ ಅದು ಟ್ಯಾಕ್ಸಿ ಮಾರಾಯ್ತಿ,
ಬರ್ತೀಯಾ ಅಂತ ಕೇಳ್ತಾನೆ, ಅಷ್ಟೇ.
ಕೂರೋ ಮೊದಲು ಹೇಳು, ಸೀಟು ಮಾತ್ರ, ಇಡೀ ಕಾರಲ್ಲ ಅಂತ.
ಹೇಳದೆ ಕೂತೆಯೋ, ನಿನ್ನ ರಾತ್ರಿಯೂಟ ಅವನ ಜೇಬಿಗೆ."

ಕಾಲುಸೇತುವೆ ಒಂದೂವರೆ ಕಿಲೋಮೀಟರು ಆಚೆ.
ಎದುರಿಗೇ ಕಾಣುವ ಅಂಗಡಿಯಿಂದ ಮೊಟ್ಟೆ ತರಲು ಹೋದವಳು
ಗಂಟೆ ಕಳೆದು ಬಂದೆ. ಎರಡು ಒಡೆದಿದ್ದವು.
ಸೇತುವೆ ಬೇಡವೆಂದು ರಸ್ತೆಗೇ ಓಡಿದವನೊಬ್ಬನ
ತೊಡೆಯೆಲುಬಿನ ಎಕ್ಸ್‌ರೇ ಬುಧವಾರ ನಾನೇ ತೆಗೆದೆ.
ಅವನ ಚೀಲದಲ್ಲೂ ಮೊಟ್ಟೆಯೇ ಇತ್ತಂತೆ.

ನಿನ್ನೆ ರಾತ್ರಿಪಾಳಿ ಮುಗಿದಾಗ
ಬೆಳಗಿನ ಏಳಕ್ಕೇ ಮೂವತ್ತೆಂಟು ಡಿಗ್ರಿ.
ಟ್ಯಾಕ್ಸಿಯೊಂದು ನಿಂತಿತು, ಒಳಗೆ ಮೂವರು ಗಂಡಸರು.
ಮುಂದೆ ಕೂತಿದ್ದವನು ತುಟಿಪಿಟಕ್ಕೆನ್ನದೆ ಇಳಿದು
ಹಿಂದಿನಿಬ್ಬರ ಜೊತೆ ತುರುಕಿಕೊಂಡ.
ಚಾಲಕ ಮುದುಕ, ಕಸೂತಿ ಟೋಪಿ,
ಡ್ಯಾಶ್‌ಬೋರ್ಡಿನ ಮೇಲೆ ಒಣಗಿ ಕಪ್ಪಾದ ನಿಂಬೆಹಣ್ಣು.
"ಸೀಟು ಮಾತ್ರ" ಎಂದೆ, ಬಾಯಿಪಾಠದ ಅರಬ್ಬಿಯಲ್ಲಿ.
ಅವನು ಪೂರ್ತಿ ತಿರುಗಿ ನನ್ನ ಮುಖ ನೋಡಿ
ನನ್ನ ಭಾಷೆಯಲ್ಲಿ ಕೇಳಿದ:
"ಯಾವ ಕಡೆಯವಳಮ್ಮಾ? ಮೊಂಬಾಸವೋ, ಟಾಂಗಾವೋ?"

ಟಾಂಗಾ, ಎಂದೆ.
ಅಳು ಬರಬೇಕಿತ್ತು, ನಗು ಬಂತು.
"ಶಿಕಾಮೂ" ಎಂದೆ, ಹಿರಿಯರ ಕಂಡರೆ ಅನ್ನುವ ಹಾಗೆ.
"ಮರಹಬಾ" ಎಂದ.
ನಲವತ್ತೊಂದು ದಿನದಿಂದ ಆ ಮಾತು ಬಾಯಲ್ಲಿದ್ದೂ
ಅನ್ನಿಸಿಕೊಳ್ಳುವವರು ಸಿಕ್ಕಿರಲಿಲ್ಲ.

ಹುಟ್ಟಿದ್ದು ಜಂಜಿಬಾರಿನಲ್ಲಂತೆ.
ತಾಯಿಯ ಸೆರಗು ಹಿಡಿದು ಹಡಗು ಹತ್ತಿದಾಗ ಐದು ವರ್ಷ.
ಅವನ ಸ್ವಾಹಿಲಿ ನನ್ನಜ್ಜಿಯದಕ್ಕಿಂತ ಹಳತು,
ಟ್ರಂಕಿನಲ್ಲಿಟ್ಟ ಬಟ್ಟೆ
ಉಡದೆಯೂ ಮಡಿಕೆಯಲ್ಲಿ ಸವೆದ ಹಾಗೆ.
ಲವಂಗ ಒಣಹಾಕುವ ಚಾಪೆಗೆ ಏನನ್ನುತ್ತಾರೆ, ಎಂದು ಕೇಳಿದ.
ಎಷ್ಟೋ ವರ್ಷದಿಂದ ನಾಲಗೆಯ ತುದಿಗೇ ಬಂದು ನಿಲ್ಲುತ್ತದಂತೆ,
ಕೇಳೋಣವೆಂದರೆ ಅಮ್ಮ ಇಲ್ಲ.
"ಜಾಂವಿ" ಎಂದೆ.
ಜಾಂವಿ! ಎಂದು ಸ್ಟೀರಿಂಗಿಗೆ ಹೊಡೆದ ಹೊಡೆತಕ್ಕೆ
ಹಾರ್ನ್ ಕೂಗಿ ಹಿಂದಿನ ಮೂವರೂ ಬೆಚ್ಚಿಬಿದ್ದರು.

ಇಳಿಯುವಾಗ, ದುಡ್ಡು ಬೇಡ ಎನ್ನುತ್ತಾನೇನೋ ಅಂದುಕೊಂಡೆ.
ಮುನ್ನೂರು ಬೈಸಾ, ಎಣಿಸಿಯೇ ತೆಗೆದುಕೊಂಡ.
ಮತ್ತೆ ಗಾಜು ಇಳಿಸಿ,
"ಇಲ್ಲಿ ನಿಲ್ಲಬೇಡ, ಇಲ್ಲಿ ಯಾರೂ ಬ್ರೇಕ್ ಹಾಕಲ್ಲ.
ವೃತ್ತ ದಾಟಿದರೆ ಬೋರೆಮರ ಇದೆ, ಅದರ ಕೆಳಗೆ ನಿಲ್ಲು" ಎಂದ.

ನಿಂತಿದ್ದೇನೆ.
ನಾಲ್ವರು ಆಗಲೇ ಇದ್ದರು,
ಸ್ವಲ್ಪ ಸ್ವಲ್ಪ ಸರಿದು ಐವರ ನೆರಳು ಮಾಡಿದರು.
ಹಾರ್ನ್.
ಅವನಲ್ಲ.
ಕೈ ಮಾಡಿದೆ.